ಯಮಾಹಾ ಪೆಸಿಫಿಕಾ 112ವಿ: ಮಂಗಳೂರಿನ ಏಳು ಮಳೆಗಾಲ ಕಂಡ ಗಿಟಾರು

2018ರ ಡಿಸೆಂಬರಲ್ಲಿ ತಗೊಂಡದ್ದು, ಆಗ ಸುಮಾರು 22 ಸಾವಿರ ಕೊಟ್ಟಿದ್ದೆ. ತಗೊಂಡ ವಾರದಲ್ಲೇ ಬರೆದ ರಿವ್ಯೂ ನೆಟ್ಟಲ್ಲಿ ಬೇಕಾದಷ್ಟು ಸಿಗ್ತದೆ, ಆದ್ರೆ ಕರಾವಳಿಯ ಉಪ್ಪುಗಾಳಿಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರಿಗೆ ಎಂತ ಆಗ್ತದೆ ಅಂತ ಯಾರೂ ಬರೆದದ್ದು ನಂಗೆ ಸಿಗ್ಲಿಲ್ಲ, ಹಾಗಾಗಿ ಇದು.

ಬಾಡಿ ಆಲ್ಡರ್ ಮರದ್ದು, ಕುತ್ತಿಗೆ ಮೇಪಲ್, ಫಿಂಗರ್‌ಬೋರ್ಡ್ ರೋಸ್‌ವುಡ್, ಅದರ ಮೇಲೆ 22 ಫ್ರೆಟ್, ಅಂದ್ರೆ ಲೋಹದ ಮೆಟ್ಟಿಲು. ತಂತಿಯ ಅದುರನ್ನು ಹಿಡಿಯುವ ಪಿಕಪ್ ಮೂರು, ಅದರಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯದ್ದು), ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್ ಹತ್ರ ಇರುವುದು ಹಂಬಕರ್ (ಎರಡು ಸುರುಳಿಯದ್ದು). ಟೋನ್ ನಾಬನ್ನು ಮೇಲೆ ಎಳೆದ್ರೆ ಆ ಹಂಬಕರ್ ಕೂಡ ಸಿಂಗಲ್ ಕಾಯಿಲಿನ ಹಾಗೆ ತೆಳ್ಳಗೆ ಕೇಳ್ತದೆ. ಈ ಬೆಲೆಗೆ ಇಷ್ಟು ಬಗೆಯ ಸ್ವರ ಸಿಗುವುದು ದೊಡ್ಡ ವಿಷಯ, ಅದರಲ್ಲಿ ಎರಡು ಮಾತಿಲ್ಲ.

ಮೊದಲ ಮಳೆಗಾಲದ ಕತೆ ಹೇಳ್ತೇನೆ. 2019ರ ಜೂನ್ ಕೊನೆಗೆ, ಒಂದು ವಾರ ಬಿಡದೆ ಮಳೆ, ಗಿಟಾರು ಗೋಡೆಯ ಸ್ಟ್ಯಾಂಡಲ್ಲೇ ನೇತಾಡ್ತಿತ್ತು. ತೆಗೆದು ಬಾರಿಸಿದ್ರೆ ಒಂದರಿಂದ ನಾಲ್ಕನೇ ಫ್ರೆಟ್ ತನಕ ಎಲ್ಲಾ ತಂತಿಯೂ ಝುಯ್ ಅಂತದೆ. ಗಾಬರಿಯಾಗಿ ಒಂದು ರಿಪೇರಿಯವರ ಹತ್ರ ಕೊಟ್ಟೆ, ಅವರು ಕುತ್ತಿಗೆ ನೋಡ್ಲೇ ಇಲ್ಲ, ತಲೆಯ ಹತ್ರ ತಂತಿ ಕೂರುವ ನಟ್ ಉಂಟಲ್ಲ, ಅದರ ಗೀರುಗಳನ್ನು ಫೈಲ್ ಹಾಕಿ ಉಜ್ಜಿದ್ರು. ಮನೆಗೆ ತಂದ ಮೇಲೆ ಬೆರಳಿಡದೆ ಮೀಟಿದ್ರೂ ತಂತಿ ಮೊದಲ ಫ್ರೆಟ್ಟಿಗೆ ತಾಗ್ಲಿಕ್ಕೆ ಶುರು. ಹೊಸ ನಟ್ ಹಾಕಿಸ್ಲಿಕ್ಕೆ ಬೆಂಗಳೂರಿಗೆ ಹೋಗ್ಬೇಕಾಯ್ತು. ಅಲ್ಲಿಯವರು ಐದೇ ನಿಮಿಷದಲ್ಲಿ ತೋರಿಸಿಕೊಟ್ರು: ರೋಸ್‌ವುಡ್ ತೇವ ಕುಡಿದು ಹಿಗ್ಗಿದೆ, ಕುತ್ತಿಗೆ ಹಿಂದಕ್ಕೆ ಬಾಗಿದೆ, ಕುತ್ತಿಗೆಯ ಬಾಗು ಸರಿಮಾಡ್ಲಿಕ್ಕೆ ಒಳಗೆ ಇರುವ ಸರಳು, ಅಂದ್ರೆ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲ ಮಾಡಿದ್ರೆ ಮುಗೀತು.

ಅವತ್ತಿಂದ ಆ ಕೆಲಸ ನಾನೇ ಮಾಡ್ತೇನೆ. ಮೊದಲ ಫ್ರೆಟ್ಟಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕುತ್ತಿಗೆ ಬಾಡಿಗೆ ಸೇರುವಲ್ಲಿ ಬಲಗೈ ಬೆರಳಿಂದ ದಪ್ಪ ತಂತಿ ಒತ್ತಿ, ಏಳನೇ ಫ್ರೆಟ್ ಮೇಲೆ ಎಷ್ಟು ಸಂದಿ ಉಂಟು ನೋಡುವುದು. ಒಂದು ವಿಸಿಟಿಂಗ್ ಕಾರ್ಡ್ ಆರಾಮಲ್ಲಿ ಹೋಗ್ಬೇಕು, ಸುಮಾರು ಕಾಲು ಮಿಲಿಮೀಟರ್. ಸಂದಿಯೇ ಇಲ್ಲದಿದ್ರೆ ರಾಡ್ ಸಡಿಲ ಮಾಡುವುದು, ಜಾಸ್ತಿ ಇದ್ರೆ ಬಿಗಿ ಮಾಡುವುದು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ತಿರುಗಿಸಿದ ಮೇಲೆ ಒಂದು ರಾತ್ರಿ ಹಾಗೇ ಬಿಡಿ. ವರ್ಷಕ್ಕೆ ಎರಡೇ ಸಲ, ಜೂನಲ್ಲಿ ಒಮ್ಮೆ, ದೀಪಾವಳಿ ಕಳೆದು ಗಾಳಿ ಒಣಗಿದಾಗ ಒಮ್ಮೆ. ಹಾಗೆ ಮಾಡ್ತಾ ಬಂದದ್ದಕ್ಕೆ 12ನೇ ಫ್ರೆಟ್ಟಲ್ಲಿ ದಪ್ಪ ತಂತಿಯ ಎತ್ತರ 2 ಮಿಲಿಮೀಟರ್, ತೆಳು ತಂತಿಯದ್ದು ಒಂದೂವರೆ, ಅವತ್ತಿಂದ ಅಲ್ಲಿಯೇ ಉಂಟು.

ತಂತಿ ಮಾತ್ರ ಮಳೆಗಾಲದಲ್ಲಿ ಹದಿನೈದು ದಿನ ಬಾಳಿದ್ರೆ ಪುಣ್ಯ. ಕೋಟಿಂಗ್ ಇರುವ ತಂತಿಗೆ ದುಡ್ಡು ಜಾಸ್ತಿ, ಆದ್ರೆ ಎರಡು ತಿಂಗಳು ಬರ್ತದೆ, ಲೆಕ್ಕ ಹಾಕಿದ್ರೆ ಅದೇ ಲಾಭ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಹತ್ತಿಪ್ಪತ್ತು ಸಲ ತಿರುಗಿಸಿ, ಸರಿಯಾಗ್ತದೆ. ಈಗ ಗೋಡೆ ಸ್ಟ್ಯಾಂಡ್ ಬಿಟ್ಟಿದ್ದೇನೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಕೇಸಿನೊಳಗೆ ಸಿಲಿಕಾ ಜೆಲ್ ಜೊತೆ ಮಲಗಿರ್ತದೆ.

ಇನ್ನು ಗುಂಯ್ ಶಬ್ದ. ಸಿಂಗಲ್ ಕಾಯಿಲ್ ಅಂದ್ರೆ ಮನೆಯ ವಯರಿಂಗಿನ 50 ಹರ್ಟ್ಸನ್ನು ಹಿಡಿಯುವುದೇ, ಇದು ಯಾವ ಕಂಪೆನಿಯ ಗಿಟಾರಾದ್ರೂ ಅಷ್ಟೇ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಇನ್ನೂ ಒರಟು. ಹಂಬಕರ್ ಹುಟ್ಟಿದ್ದೇ ಇದಕ್ಕೆ, 1955ರಲ್ಲಿ ಗಿಬ್ಸನ್ ಕಂಪೆನಿಯ ಸೆತ್ ಲವರ್ ಎರಡು ಕಾಯಿಲನ್ನು ಉಲ್ಟಾ ಜೋಡಿಸಿ ಒಂದರ ಗುಂಯ್ ಇನ್ನೊಂದನ್ನು ಹೊಡೆದುಹಾಕುವ ಹಾಗೆ ಮಾಡಿದ್ದು. ಇನ್ವರ್ಟರ್ ಇದ್ದಾಗ ನಾನು ಪಿಕಪ್ ಆರಿಸುವ ಸ್ವಿಚ್ಚನ್ನು ಬ್ರಿಡ್ಜಿನ ಹಂಬಕರ್ ಕಡೆಗೇ ಇಟ್ಟುಬಿಡ್ತೇನೆ.

ಆದ್ರೆ ಈ ಗಿಟಾರನ್ನು ನಾನು ಯಾರಿಗೂ ಕೊಡದೇ ಇಟ್ಕೊಂಡದ್ದು ಬೇರೆ ಕಾರಣಕ್ಕೆ. ನಮ್ಮ ದೊಡ್ಡಮ್ಮ ವೀಣೆ ನುಡಿಸ್ತಾರೆ. ಒಂದು ದಿನ ಬಂದು ಕೂತು, "ಇದರಲ್ಲೂ ಮೆಟ್ಟಿಲು ಉಂಟಲ್ಲ ಮಾರಾಯ, ತೋಡಿ ರಾಗದ ಗಾಂಧಾರ ಎಳಿ ನೋಡುವ" ಅಂದ್ರು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಹಿತ್ತಾಳೆ ಮೆಟ್ಟಿಲು, ಸ್ವರವನ್ನು ತೂಗುವ ಗಮಕ ಬರುವುದು ತಂತಿಯನ್ನು ಪಕ್ಕಕ್ಕೆ ಎಳೆದೇ, ಗಿಟಾರಲ್ಲಿ ಬೆಂಡ್ ಅಂತೇವಲ್ಲ ಅದೇ. ಕದ್ರಿ ಗೋಪಾಲನಾಥ್ ಸ್ಯಾಕ್ಸಫೋನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದನ್ನು ಕೇಳಿ ಬೆಳೆದವ ನಾನು, ಮ್ಯಾಂಡೊಲಿನ್ ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನಲ್ಲಿ ಮಾಡಿದ್ದೂ ಗೊತ್ತಿತ್ತು, ಆದ್ರೂ ನನ್ನ ಕೈಯಲ್ಲಿರುವ ಸಾಮಾನಲ್ಲಿ ಆಗ್ತದೆ ಅಂತ ಹೊಳೆದಿರ್ಲಿಲ್ಲ.

ಎಳೆದೆ. ಗಾಂಧಾರ ಸುಮಾರಾಗಿ ಬಂತು, ಆದ್ರೆ ಕೆಳಗೆ ಷಡ್ಜಕ್ಕೆ ಅಂತ ಮೀಟಿಟ್ಟ ತಂತಿಯ ಶ್ರುತಿ ಇಳಿದುಹೋಯ್ತು, ದೊಡ್ಡಮ್ಮ ಮುಖ ಸಿಂಡರಿಸಿದ್ರು. ಇದರದ್ದು ಟ್ರೆಮೊಲೊ ಬ್ರಿಡ್ಜ್, ಅಂದ್ರೆ ಸರಳು ಹಿಡಿದು ಅಲುಗಿಸಿ ಸ್ವರ ಏರಿಳಿಸುವಂಥದ್ದು, ಅದು ಹಿಂದಿನ ಸ್ಪ್ರಿಂಗ್ ಮೇಲೆ ತೇಲ್ತಾ ಇರ್ತದೆ, ಒಂದು ತಂತಿ ಎಳೆದ್ರೆ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ತಂತಿಯೆಲ್ಲಾ ಸಡಿಲ. ಹಿಂದಿನ ಪ್ಲೇಟ್ ತೆಗೆದು ಸ್ಪ್ರಿಂಗ್ ಹಿಡಿದ ಎರಡು ಸ್ಕ್ರೂವನ್ನು ಬ್ರಿಡ್ಜ್ ಬಾಡಿಗೆ ಪೂರ್ತಿ ಅಂಟಿ ಕೂರುವ ತನಕ ಬಿಗಿ ಮಾಡಿದೆ, ಮೇಲಿಂದ ಇನ್ನೊಂದು ಸ್ಪ್ರಿಂಗ್ ಹಾಕಿದೆ. ಟ್ರೆಮೊಲೊ ಸರಳು ಈಗ ಡ್ರಾಯರಲ್ಲಿ ಉಂಟು, ಬೇಕು ಅಂತ ಒಮ್ಮೆಯೂ ಅನ್ನಿಸ್ಲಿಲ್ಲ. ಬೋರ್ಡಿನ ಉಬ್ಬು ಕಮ್ಮಿ ಇರುವುದೂ, 13.75 ಇಂಚು ರೇಡಿಯಸ್, ಇಲ್ಲಿ ಕೆಲಸಕ್ಕೆ ಬಂತು, ಹಳೇ ಕಾಲದ 7.25 ಇಂಚಿನ, ಹೆಚ್ಚು ಉಬ್ಬಿದ ಬೋರ್ಡಾದ್ರೆ ದೂರ ಎಳೆದಾಗ ತಂತಿ ಮೇಲಿನ ಫ್ರೆಟ್ಟಿಗೆ ತಾಗಿ ಸ್ವರ ಸತ್ತುಹೋಗ್ತದೆ. ತಂತಿ 9ರ ಸೆಟ್ (ಅತಿ ತೆಳು ತಂತಿ 0.009 ಇಂಚು ದಪ್ಪ), ಎಳೀಲಿಕ್ಕೆ ಹಗುರ ಆಗ್ಲಿ ಅಂತ ಅರ್ಧ ಸ್ವರ ಇಳಿಸಿ ಇಟ್ಟಿದ್ದೇನೆ.

ಮುಂದಿನ ವಾರ ದೊಡ್ಡಮ್ಮ ಪುನಃ ಬಂದು ಕಣ್ಣು ಮುಚ್ಚಿ ಕೇಳಿದ್ರು. "ಹ್ಞಾಂ, ಈಗ ಅಲ್ಲಿ ನಿಂತಿತು" ಅಂದ್ರು.

ಈಗ ಮೂರನೇ ತಂತಿಯ ಅಡಿಯಲ್ಲಿ ಐದು ಮತ್ತು ಆರನೇ ಫ್ರೆಟ್ಟಲ್ಲಿ ಸಣ್ಣ ತಗ್ಗು ಬಿದ್ದಿದೆ, ಅಲ್ಲೇ ಎಳೆದೂ ಎಳೆದೂ. ಉಗುರು ಆಡಿಸಿದ್ರೆ ಗೊತ್ತಾಗ್ತದೆ. ಸದ್ಯಕ್ಕೆ ಫ್ರೆಟ್ಟುಗಳನ್ನು ಉಜ್ಜಿ ಲೆವೆಲ್ ಮಾಡಿಸಿದ್ರೆ ಸಾಕು, ಫ್ರೆಟ್ಟೇ ಬದಲಾಯಿಸ್ಲಿಕ್ಕೆ ಇನ್ನೂ ಎರಡು ಮಳೆಗಾಲ ಕಾಯಬಹುದು ಅಂತ ಕಾಣ್ತದೆ.