ಬಿಸಿಯಾದರೆ ಬೀಳುವ ಆಯಿಲ್ ಪ್ರೆಶರ್: ಗೇಜೋ, ದಪ್ಪ ಆಯಿಲೋ, ಪ್ಲಾಸ್ಟಿಗೇಜೋ?

ಆಟೋಕ್ರಾಸ್ ರೇಸ್‌ಗೆಂದು ಹಳೇ ಜಿಪ್ಸಿಯ 1,298 ಸಿಸಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದ್ದೆ. ತಣ್ಣಗಿದ್ದಾಗ ಡ್ಯಾಶ್‌ಬೋರ್ಡಿನ ಗೇಜ್ ಆಯಿಲ್ ಒತ್ತಡ 60 ಪಿಎಸ್‌ಐ ತೋರಿಸಿತು. ಹತ್ತು ಸುತ್ತು ಓಡಿಸಿ ಐಡಲ್‌ಗೆ ಬಿಟ್ಟರೆ ಮುಳ್ಳು ಎಂಟಕ್ಕೆ ಬಂದು ಕೂತಿತು. ಆಯಿಲ್ ದೀಪ ಮಾತ್ರ ಹೊತ್ತಲೇ ಇಲ್ಲ. ಸುಮಾರು 5 ಪಿಎಸ್‌ಐಗಿಂತ ಕೆಳಗಿಳಿದರಷ್ಟೇ ಹೊತ್ತುವ ದೀಪ ಅದು. ಅಷ್ಟರಲ್ಲಿ ರೇಸ್ ಎಂಜಿನ್ನಿನ ತಿಥಿಯೇ ಆಗಿರುತ್ತದೆ.

ಮೊದಲ ಅನುಮಾನ ಡ್ಯಾಶ್ ಗೇಜ್ ಮೇಲೇ ಬಂತು. ಎಂಜಿನ್ನಿನಿಂದ ಗೇಜ್‌ಗೆ ಒತ್ತಡ ತಿಳಿಸುವ ಒಂದೇ ವೈರಿನ ಸೆಂಡರ್‌ಗೆ ಅರ್ಥ್ ಸಿಗುವುದು ಥ್ರೆಡ್ ಮೂಲಕ. ನಾನು ಅದಕ್ಕೆ ಟೆಫ್ಲಾನ್ ಟೇಪನ್ನು ಧಾರಾಳವಾಗಿ ಸುತ್ತಿದ್ದೆ, ಅದು ಅರ್ಥ್ ತಡೆದಿರಬಹುದು. ಹಾಗಿದ್ದಾಗ ಮುಳ್ಳಿನ ಮಾತು ನಂಬೋದು ಹೇಗೆ?

ಬೆಂಗಳೂರಿನ ಜೆ.ಸಿ. ರೋಡಿನಿಂದ ಮೆಕ್ಯಾನಿಕಲ್ ಗೇಜ್ (ವೈರಿಲ್ಲದೆ ಆಯಿಲ್ ಒತ್ತಡವನ್ನೇ ನೇರ ಓದುವುದು) ತಂದು, ದೀಪದ ಸ್ವಿಚ್ ಬಿಚ್ಚಿದ ತೂತಿಗೇ ಹಾಕಿದೆ. ಇಲ್ಲೊಂದು ಎಚ್ಚರ ಬೇಕು. ಬ್ಲಾಕಿನಲ್ಲಿರುವುದು ಬಿಎಸ್‌ಪಿಟಿ (ಬ್ರಿಟಿಷ್ ಅಳತೆಯ) ಥ್ರೆಡ್, ಇಂಚಿಗೆ 28 ಸುತ್ತು. ಗೇಜ್ ಜೊತೆ ಬಂದ ಅಡಾಪ್ಟರ್ ಎನ್‌ಪಿಟಿ (ಅಮೆರಿಕನ್ ಅಳತೆಯದು), ಇಂಚಿಗೆ 27. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ. ಒತ್ತಿ ತಿರುಗಿಸಿದರೆ ಅಲ್ಯೂಮಿನಿಯಂ ಬ್ಲಾಕ್ ಕೆಡುತ್ತದೆ. ಸರಿಯಾದ ಅಡಾಪ್ಟರ್ ಹುಡುಕಲು ಇನ್ನೊಂದು ದಿನ ಹೋಯಿತು.

ಎಂಜಿನ್ ಚೆನ್ನಾಗಿ ಕಾದ ಮೇಲೆ ಓದಿದೆ: ಐಡಲ್‌ನಲ್ಲಿ 9, 3000 ಆರ್‌ಪಿಎಂಗೆ 21, 5000ಕ್ಕೆ 34. ಸಾವಿರಕ್ಕೆ ಹತ್ತು ಪಿಎಸ್‌ಐ ಇರಬೇಕು ಅನ್ನೋದು ರೇಸ್ ಮೆಕ್ಯಾನಿಕ್‌ಗಳ ಹಳೇ ಲೆಕ್ಕ. ಪಾಪ, ಡ್ಯಾಶ್ ಗೇಜ್ ಸುಳ್ಳು ಹೇಳಿರಲಿಲ್ಲ. ಆದರೆ ಈಗ ರೋಗದ ಲಕ್ಷಣ ಸಿಕ್ಕಿತು. ತಿರುವಿನಲ್ಲಿ ಮಾತ್ರ ಬಿದ್ದಿದ್ದರೆ ಸಂಪಿನೊಳಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಒಂದು ಕಡೆ ಸರಿದು, ಅದನ್ನು ಹೀರುವ ಪಿಕಪ್ ಪೈಪು ಗಾಳಿ ಎಳೆಯುತ್ತಿದೆ ಎನ್ನಬಹುದಿತ್ತು. ಆರ್‌ಪಿಎಂ ಏರಿದಾಗ ಬಿದ್ದಿದ್ದರೆ ಪಿಕಪ್ಪಿನ ಜಾಲರಿಗೆ ಸೀಲೆಂಟ್ ಚೂರು ಸಿಕ್ಕಿರಬಹುದು. ನನ್ನದು ಏರುತ್ತಿತ್ತು, ಆದರೆ ಎಲ್ಲೆಡೆ ಕಡಿಮೆ.

ಗೆಳೆಯನೊಬ್ಬ "ಸುಮ್ನೆ 20ಡಬ್ಲ್ಯು-50 ಹಾಕು ಗುರು" ಅಂದ. ನಾನು ಹಾಕಿದ್ದ 10ಡಬ್ಲ್ಯು-40ಗಿಂತ ದಪ್ಪ ಆಯಿಲ್ ಅದು. ಹಾಕಿದೆ. ಬಿಸಿ ಐಡಲ್ 15ಕ್ಕೆ ಏರಿತು. ಒಂದು ರಾತ್ರಿ ಖುಷಿಯಾಗಿ ಮಲಗಿದೆ. ಆದರೆ ಪಂಪ್ ಕೊಡುವುದು ಹರಿವನ್ನು ಮಾತ್ರ, ಒತ್ತಡ ಹುಟ್ಟುವುದು ಆ ಹರಿವಿಗೆ ಅಡ್ಡಿಯಾದಾಗ. ತೋಟದ ಪೈಪಿನ ಬಾಯಿಗೆ ಬೆರಳಿಟ್ಟ ಹಾಗೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದಿ ದೊಡ್ಡದಿದ್ದರೆ ಬೆರಳು ಸಡಿಲವಾದಂತೆ. ದಪ್ಪ ಆಯಿಲ್ ಆ ಸಂದಿಯನ್ನು ಮರೆಮಾಚುತ್ತದೆ, ಸರಿಪಡಿಸುವುದಿಲ್ಲ.

ಫಿಲ್ಟರ್ ಕೊಯ್ದು ನೋಡಿದೆ. ಒಂದಿಷ್ಟು ಲೋಹದ ಮಿನುಗು ಇತ್ತು, ಆದರೆ ಹೊಸ ಎಂಜಿನ್ನಿನಲ್ಲಿ ಅದು ಇದ್ದೇ ಇರುತ್ತದೆ ಅಲ್ವಾ?

ಕೊನೆಗೆ ಎಂಜಿನ್ ಇಳಿಸಿ, ತಲೆಕೆಳಗು ಮಾಡಿ, ಪ್ಲಾಸ್ಟಿಗೇಜ್ ಇಟ್ಟೆ. ಮೇಣದಂಥ ಎಳೆ ಅದು. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಮೇಲಿಟ್ಟು, ಬೇರಿಂಗ್ ಕ್ಯಾಪನ್ನು ಹೇಳಿದ ಟಾರ್ಕ್‌ಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಬೇಕು. ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಅಂತ ಕವರಿನ ಮೇಲಿನ ಅಳತೆಗೆ ಹಿಡಿಯುವುದು; ಅಗಲವಾದಷ್ಟೂ ಸಂದಿ ಕಡಿಮೆ. ಜರ್ನಲ್‌ನ ಇಂಚಿಗೆ ಒಂದು ತೌ (ಇಂಚಿನ ಸಾವಿರದಲ್ಲೊಂದು ಭಾಗ) ಸಂದಿ ಅನ್ನೋ ಲೆಕ್ಕದಲ್ಲಿ, 45 ಮಿಮೀ ಮೇನ್ ಜರ್ನಲ್‌ಗೆ ಎರಡು ತೌ ಒಳಗಿರಬೇಕು. ಮೂರು ಮೇನ್ ಸರಿಯಿದ್ದವು. ಉಳಿದೆರಡರಲ್ಲಿ ಎಳೆ ನಲುಗಿಯೇ ಇರಲಿಲ್ಲ, ಮೂರು ತೌಗೂ ಜಾಸ್ತಿ! ಗ್ರೈಂಡಿಂಗ್‌ನಲ್ಲಿ ಅವನ್ನು ಜಾಸ್ತಿ ತೆಗೆದಿದ್ದರು. ನಾನೂ ಕಟ್ಟುವಾಗ ಅಳೆದಿರಲಿಲ್ಲ.

ಕ್ರ್ಯಾಂಕನ್ನು ಮುಂದಿನ ಅಂಡರ್‌ಸೈಜ್‌ಗೆ (ಇನ್ನೊಂದು ಹಂತ ಸಣ್ಣ ಅಳತೆಗೆ) ಗ್ರೈಂಡ್ ಮಾಡಿಸಿ, ಅದಕ್ಕೆ ಹೊಂದುವ ಹೊಸ ಬೇರಿಂಗ್ ಶೆಲ್ ಹಾಕಿ, ಮೊದಲಿನ 10ಡಬ್ಲ್ಯು-40ಯಲ್ಲೇ ಓಡಿಸಿದೆ. ಬಿಸಿ ಐಡಲ್ 22, 5000ಕ್ಕೆ 56. ಮೆಕ್ಯಾನಿಕಲ್ ಗೇಜ್ ಈಗ ಟೂಲ್‌ಬಾಕ್ಸ್‌ನಲ್ಲಿದೆ. ಉಳಿದ 20ಡಬ್ಲ್ಯು-50 ಅಣ್ಣನ ಹಳೇ ಬುಲೆಟ್ ಕುಡಿಯುತ್ತಿದೆ.