ಎಂಟು ಸಾವಿರ ವರ್ಷ ಬದುಕಿದವಳಿಗೆ ಅಕ್ಷರ ಕಲಿಸಲು ಬಂದವನು

ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತು ಡಿಸ್ನಿಯ 'ಅಟ್ಲಾಂಟಿಸ್: ದ ಲಾಸ್ಟ್ ಎಂಪೈರ್' ನೋಡಿದೆ. 2001ರ ಚಿತ್ರ, ಸಮುದ್ರದಲ್ಲಿ ಮುಳುಗಿಹೋದ ಅಟ್ಲಾಂಟಿಸ್ ಅನ್ನೋ ದಂತಕಥೆಯ ಊರನ್ನು ಹುಡುಕಿಕೊಂಡು ಹೋಗುವ ತಂಡದ ಕಥೆ. ಕಾಲೇಜು ದಿನಗಳಲ್ಲಿ ಬಾಡಿಗೆ ಸಿಡಿ ತಂದು ನೋಡಿ ಬಹಳ ಮೆಚ್ಚಿಕೊಂಡಿದ್ದೆ. ಈ ಸಲವೂ ಮೆಚ್ಚಿದೆ, ಆದರೆ ಅರ್ಧ ಚಿತ್ರ ಮುಗಿಯೋ ಹೊತ್ತಿಗೆ ಒಂದು ಕಿರಿಕಿರಿ ಹತ್ತಿಕೊಂಡಿತು. ಇನ್ನೂ ಬಿಟ್ಟಿಲ್ಲ.

ಮೊದಲು ಒಳ್ಳೇದನ್ನು ಹೇಳಿಬಿಡುತ್ತೇನೆ. ನೋಡೋಕೆ ಚೆಂದ. ಹೆಲ್‌ಬಾಯ್ ಕಾಮಿಕ್ಸ್‌ನ ಮೈಕ್ ಮಿನ್ಯೋಲಾ ವಿನ್ಯಾಸಕ್ಕೆ ಕೈ ಹಚ್ಚಿದ್ದರಿಂದ ಗೆರೆಗಳೆಲ್ಲ ಚೂಪು, ನೆರಳು ದಟ್ಟ, ಬೇರೆ ಡಿಸ್ನಿ ಚಿತ್ರಗಳ ಉಂಡುಂಡೆ ಮುಖಗಳು ಇಲ್ಲಿಲ್ಲ. ಪಾತ್ರಗಳು ಮಾತುಮಾತಿಗೆ ಎದ್ದು ನಿಂತು ಹಾಡುವುದೂ ಇಲ್ಲ. ಅಟ್ಲಾಂಟಿಸ್ ಜನರಿಗೆ ಅಂತಲೇ ಒಂದು ಭಾಷೆ ಕಟ್ಟಿಸಿದ್ದಾರೆ. ಕಟ್ಟಿದವರು ಬಾಹ್ಯಾಕಾಶ ಕಥೆಗಳ ಸ್ಟಾರ್ ಟ್ರೆಕ್‌ಗೆ ಕ್ಲಿಂಗನ್ ಭಾಷೆ ಮಾಡಿಕೊಟ್ಟ ಮಾರ್ಕ್ ಓಕ್ರಾಂಡ್. ರಾಜನ ದನಿ ಅದೇ ಸ್ಟಾರ್ ಟ್ರೆಕ್‌ನ ನಟ ಲಿಯೊನಾರ್ಡ್ ನಿಮೋಯ್ ಅವರದು. ಇಷ್ಟೆಲ್ಲ ಶ್ರದ್ಧೆ ಇದೆ.

ಪಾತ್ರಗಳ ಮೈಬಣ್ಣದ ಲೆಕ್ಕ ಹಾಕಿದರೂ ಚಿತ್ರ ಪಾಸು. ಕಥೆ ನಡೆಯೋದು 1914ರಲ್ಲಿ. ಆ ಕಾಲದ ಅಮೆರಿಕದ ತಂಡದಲ್ಲಿ ಕರಿಯ ವೈದ್ಯ ಸ್ವೀಟ್ ಇದ್ದಾನೆ, ತಂಡದ ಎಂಜಿನ್‌ಗಳನ್ನು ನೋಡಿಕೊಳ್ಳೋದು ಆಡ್ರಿ ರಮಿರೆಜ್ ಅನ್ನೋ ಹುಡುಗಿ. ಇಬ್ಬರೂ ಸುಮ್ನೆ ಲೆಕ್ಕಕ್ಕೆ ಸೇರಿಸಿದವರಲ್ಲ, ಜೀವ ಇರುವ ಪಾತ್ರಗಳು. ಅಟ್ಲಾಂಟಿಸ್‌ನ ರಾಜಕುಮಾರಿ ಕೀಡಾ ಕಂದು ಬಣ್ಣದವಳು, ಗಟ್ಟಿಗಿತ್ತಿ, ಈಟಿ ಹಿಡಿದು ಬರುತ್ತಾಳೆ.

ಹಾಗಾದರೆ ತೊಂದರೆ ಏನು? ಕೀಡಾಗೆ ಓದು ಬರಲ್ಲ.

ಅವಳಿಗೆ ಮಾತ್ರ ಅಲ್ಲ, ಊರಿಗೆ ಊರೇ ತನ್ನ ಲಿಪಿಯನ್ನು ಮರೆತಿದೆ. ವಾಷಿಂಗ್ಟನ್ನಿನ ಒಂದು ಮ್ಯೂಸಿಯಂನಲ್ಲಿ ಬಾಯ್ಲರ್ ನೋಡಿಕೊಂಡಿದ್ದ ಮೈಲೋ ಥ್ಯಾಚ್ ಅನ್ನೋ ಬಡಕಲು ಕನ್ನಡಕದ ಬಿಳಿಯ ಬರುತ್ತಾನೆ, ಗೋಡೆ ಮೇಲಿನ ಬರಹವನ್ನು ಗಡಗಡ ಓದುತ್ತಾನೆ. ಒಂದು ದೃಶ್ಯದಲ್ಲಿ ಮೀನಿನ ಆಕಾರದ ಹಾರುವ ಗಾಡಿ ಇದೆ. ಕೀಡಾ ತಾನು ಏನೇನು ಮಾಡಿ ನೋಡಿದೆ ಅಂತ ಹೇಳುತ್ತಾಳೆ, ಗಾಡಿ ಏಳಲ್ಲ. ಮೈಲೋ ಬರಹ ಓದಿ, ಹರಳನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆಯಾ, ತಿರುಗಿಸುವಾಗ ಇನ್ನೊಂದು ಕೈ ಬರಹದ ಮೇಲೇ ಇಟ್ಟಿದ್ದೆಯಾ ಅಂತ ಕೇಳುತ್ತಾನೆ. ತಿರುಗಿಸಿದ್ದಳಂತೆ, ಕೈ ಮಾತ್ರ ಇಟ್ಟಿರಲಿಲ್ಲವಂತೆ! ಹಾಗೆ ಮಾಡಿದ ಕೂಡಲೇ ಗಾಡಿ ಎದ್ದಿತು. ಈಕೆಗೆ ವಯಸ್ಸು ಎಂಟು ಸಾವಿರ ವರ್ಷಕ್ಕೂ ಜಾಸ್ತಿ. ಅಷ್ಟು ವರ್ಷದಲ್ಲಿ ಒಂದು ದಿನ, ಬೇಜಾರಿಗಾದರೂ, ಕೈ ಅಲ್ಲೇ ಇಟ್ಟು ಆ ಹರಳನ್ನು ತಿರುಗಿಸಿ ನೋಡಲಿಲ್ಲವಾ? ನಮ್ಮ ಮನೆಯಲ್ಲಿ ಟಿವಿ ರಿಮೋಟ್ ಕೆಟ್ಟರೆ ಐದು ನಿಮಿಷದಲ್ಲಿ ಎಲ್ಲ ಬಟನ್ ಒತ್ತಿ, ತಟ್ಟಿ, ಬಿಸಿಲಿಗೂ ಇಟ್ಟಿರುತ್ತೇವೆ.

ಲಿಪಿ ಮರೆಯೋದು ಸುಳ್ಳಲ್ಲ, ಅದು ನಮಗೇ ಗೊತ್ತು. ಬ್ರಾಹ್ಮಿಯನ್ನು ಇಲ್ಲಿ ಓದುವವರೇ ಇಲ್ಲದಂತಾಗಿ, ಕೊನೆಗೆ 1837ರ ಹೊತ್ತಿಗೆ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿ ಓದಿದ. ಆ ಕೆಲಸದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅಲ್ಲಿ ಮರೆವಿಗೆ ಎಷ್ಟೋ ತಲೆಮಾರು ಹಿಡಿಯಿತು. ಇಲ್ಲಿ ನೋಡಿದರೆ ಊರು ಮುಳುಗಿದ ದಿನ ಇದ್ದ ರಾಜ ಇನ್ನೂ ಹಾಸಿಗೆ ಮೇಲೆ ಉಸಿರಾಡುತ್ತಿದ್ದಾನೆ! ಬರೆದ ಕಾಲದವರೇ ಬದುಕಿದ್ದಾರೆ, ಓದೋಕೆ ಮಾತ್ರ ಹೊರಗಿನವನು ಬೇಕು. ಯಾಕೆ ಅಂದರೆ ಅವರಿಗೆ ಓದು ಬಂದುಬಿಟ್ಟರೆ ಮೈಲೋಗೆ ಕೆಲಸ ಇರಲ್ಲ, ಅಲ್ವಾ.

ಕಥೆ ಬರೆದವರಿಗೆ ಈ ವಿಷಯ ಹೊಳೆದೇ ಇಲ್ಲ ಅನ್ನೋ ಹಾಗೂ ಇಲ್ಲ. ತಂಡದ ನಾಯಕ ರೂರ್ಕ್ ಊರಿನ ಜೀವಾಳವಾದ ದೊಡ್ಡ ಹರಳನ್ನೇ ಕದಿಯಲು ಬಂದವನು. ಮೈಲೋ ತಡೆದಾಗ ಅವನು, ಕದ್ದ ಮಾಲನ್ನೆಲ್ಲ ವಾಪಸು ಕೊಡುತ್ತಾ ಹೋದರೆ ಮ್ಯೂಸಿಯಂ ಅಂತ ಬರೀ ಕಟ್ಟಡ ಉಳಿಯುತ್ತೆ ಅನ್ನೋ ಅರ್ಥದ ಮಾತು ಹೇಳುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಹಿಡಿಸಿದ ಮಾತು ಅದೇ, ಆಡಿದವನು ಖಳನಾಯಕ ಅನ್ನೋದು ಬೇರೆ ಮಾತು. ಆದರೆ ಆ ಜಗಳ ನಡೆಯೋದು ಯಾರ ನಡುವೆ ನೋಡಿ. ಕದಿಯುವವನೂ ಹೊರಗಿನವನು, ಕಾಪಾಡುವವನೂ ಹೊರಗಿನವನು. ಊರಿನವರು ಗುಂಪಾಗಿ ನಿಂತು ನೋಡುತ್ತಾರೆ. ಕೊನೆಗೆ ಲಾವಾದಿಂದ ಊರನ್ನು ಉಳಿಸುವುದು ಕೀಡಾನೇ, ಒಪ್ಪುತ್ತೇನೆ. ಆದರೆ ಆಗ ಅವಳು ಹರಳಿನೊಳಗೆ ಸೇರಿ ಮೈಮೇಲೆ ಎಚ್ಚರ ಇಲ್ಲದ ಸ್ಥಿತಿಯಲ್ಲಿ ಇರುತ್ತಾಳೆ. ಎಚ್ಚರ ಇದ್ದಾಗ ದಾರಿ ತೋರಿಸೋದು ಮೈಲೋನೇ.

ಪೀಟರ್ ಪ್ಯಾನ್, ಡಂಬೋ ತರಹದ ಹಳೇ ಚಿತ್ರಗಳಿಗೆ ಡಿಸ್ನಿ 2020ರಲ್ಲಿ, ಇದರಲ್ಲಿ ಕೆಲವು ಜನಾಂಗಗಳನ್ನು ಕೀಳಾಗಿ ತೋರಿಸಿದೆ ಅನ್ನೋ ಅರ್ಥದ ಎಚ್ಚರಿಕೆಯ ಬರಹ ಹಾಕಿತು. ಅಲ್ಲಿ ತಪ್ಪು ಮುಖದ ಮೇಲೇ ಕಾಣುತ್ತೆ, ಮಕ್ಕಳಿಗೆ ತೋರಿಸಿ ಹೇಳಬಹುದು. ಇಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲರೂ ಚೆಂದ, ತಪ್ಪು ಕಥೆಯ ಎಲುಬಿನಲ್ಲಿದೆ.

ಇದನ್ನೇ ಬೇರೆ ರೀತಿ ಮಾಡಬಹುದಿತ್ತು ಅನ್ನೋದಕ್ಕೆ 2016ರ 'ಮೋವಾನಾ' ಇದೆ. ಅಲ್ಲೂ ಒಂದು ಜನಾಂಗ ತನ್ನ ವಿದ್ಯೆ ಮರೆತಿದೆ, ದೋಣಿ ನಡೆಸಿ ಸಾಗರ ದಾಟುವುದನ್ನು ಬಿಟ್ಟಿದೆ. ಆದರೆ ಗುಹೆಯಲ್ಲಿ ಬಚ್ಚಿಟ್ಟ ದೋಣಿಗಳ ಕಡೆ ನಾಯಕಿ ಮೋವಾನಾಳನ್ನು ಕಳಿಸೋದು ಅವಳ ಸ್ವಂತ ಅಜ್ಜಿ. ಆ ಚಿತ್ರವೂ ತೊಳೆದ ಮುತ್ತೇನಲ್ಲ. ಅದರಲ್ಲಿ ಬರುವ ಮಾವಿ ಅನ್ನೋ ದೇವಮಾನವನ ಹಚ್ಚೆಗಳನ್ನು ಅಚ್ಚು ಹಾಕಿದ ಕಂದು ಚರ್ಮದಂಥ ಬಟ್ಟೆಯನ್ನು ಮಕ್ಕಳಿಗೆ ಅಂತ ಮಾರಲು ಹೊರಟು, ಜನ ಬೈದ ಮೇಲೆ ಡಿಸ್ನಿ ವಾಪಸು ತೆಗೆದುಕೊಂಡಿತು. ಆದರೂ ಅಜ್ಜಿ ಇದ್ದಾಳಲ್ಲ, ಅಷ್ಟು ಸಾಕು ನನಗೆ.

ಐದಕ್ಕೆ ಮೂರು ಕೊಡುತ್ತೇನೆ. ಹೆಚ್ಚು ಕಮ್ಮಿ ಒಂದೂವರೆ ಗಂಟೆಯ ಚಿತ್ರ, ಮಕ್ಕಳಿಗೆ ತೋರಿಸಿ, ಅಡ್ಡಿಯಿಲ್ಲ. ಜಲಾಂತರ್ಗಾಮಿ ಮುಳುಗುವಾಗ ಬಹಳ ಜನ ಸಾಯುತ್ತಾರೆ, ಚಿಕ್ಕವರಿದ್ದರೆ ಪಕ್ಕದಲ್ಲಿ ಕೂತಿರಿ.

ನಮ್ಮನೆಯಲ್ಲಿ ಚಿತ್ರ ಮುಗಿದ ಮೇಲೆ ಆಟ ಶುರುವಾಯಿತು. ಮಗಳು ಹಳೇ ಡೈರಿ ಹಿಡಿದು ತಾನೇ ಮೈಲೋ ಅಂದಳು, ತಮ್ಮನನ್ನು ಕೀಡಾ ಮಾಡಿದಳು. ಅವನು ಡೈರಿ ಮೇಲಿದ್ದ ಬ್ಯಾಂಕಿನ ಹೆಸರನ್ನು ಜೋರಾಗಿ ಓದಿದ. 'ಏಯ್, ನೀನು ಓದಬಾರದು ಕಣೋ, ನಿಂಗೆ ಬರಲ್ಲ' ಅಂತ ಗದರಿದಳು. ಒಂದೆರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದ ಅವನು, ಆಮೇಲೆ ನಾನು ನೆಲ ಅಗೆಯೋನು ಆಗ್ತೀನಿ ಅಂತ ಚಮಚ ತಗೊಂಡು ಹಿತ್ತಲಿಗೆ ಹೋದ.