ಗೇರ್‌ಬಾಕ್ಸ್ ಇಳಿಸಬೇಕು ಅಂದ್ರೆ ತಕ್ಷಣ ಹ್ಞೂಂ ಅನ್ನಬೇಡಿ

ಪಾರ್ಕಿಂಗ್‌ನಲ್ಲಿ ನಾಲ್ಕು ಹನಿ ಆಯಿಲ್ ಬಿದ್ದಿದ್ದಕ್ಕೆ ನನ್ನ ಹತ್ತಿರ 13,500 ರೂಪಾಯಿ ಕಿತ್ತಿದ್ದಾರೆ. ಲೀಕ್ ಮಾತ್ರ ನಿಲ್ಲಲಿಲ್ಲ. ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಗ್ಯಾರೇಜಿನವನು ಬಾನೆಟ್ ಕೂಡ ಎತ್ತಲಿಲ್ಲ. ಕೆಳಗೆ ಟಾರ್ಚ್ ಬಿಟ್ಟು ನೋಡಿದ, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಒದ್ದೆ ಇತ್ತು, ಅಷ್ಟಕ್ಕೇ "ಕ್ರ್ಯಾಂಕ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು, ಬಿಟ್ರೆ ಕ್ಲಚ್ ಪ್ಲೇಟಿಗೂ ಆಯಿಲ್ ಹತ್ತುತ್ತೆ" ಅಂದ. ಕ್ರ್ಯಾಂಕ್ ಸೀಲ್ ಅಂದರೆ ಇಂಜಿನ್ನಿನ ತಿರುಗುವ ಶಾಫ್ಟ್ ಹೊರಬರುವ ಕಡೆ ಆಯಿಲ್ ತಡೆಯುವ ರಬ್ಬರ್ ಬಳೆ. ಹಳೇ ಗಾಡಿಗಳಲ್ಲಿ ಅದು ಹೋಗೋದು ಸುಳ್ಳಲ್ಲ, ಅದಕ್ಕೇ ಈ ಮಾತು ಎಲ್ಲರ ಹತ್ತಿರವೂ ನಡೆಯುತ್ತೆ. ಬಿಲ್ಲಿನಲ್ಲಿ ಸೀಲಿಗೆ ಕೆಲವೇ ನೂರು ರೂಪಾಯಿ, ಮಿಕ್ಕಿದ್ದೆಲ್ಲ ಲೇಬರ್. ಹಳೇ ಸೀಲ್ ಕೊಡಿ ಅಂದರೆ "ಗುಜರಿಗೆ ಹಾಕಿಬಿಟ್ವಿ ಸಾರ್".

ವಾರ ಕಳೆಯೋದರೊಳಗೆ ಅದೇ ಜಾಗದಲ್ಲಿ ಮತ್ತೆ ಹನಿ. ಫೋನ್ ಮಾಡಿದರೆ "ಹಳೇ ಆಯಿಲ್ ಸಾರ್ ಅದು, ಸ್ವಲ್ಪ ಓಡಿಸಿ, ಒಣಗುತ್ತೆ" ಅಂತಾನೆ. ಒಣಗುತ್ತಂತೆ! ಇಂಜಿನ್ ಆಯಿಲ್ ಏನು ಮಳೆನೀರಾ?

ಕೊನೆಗೆ ಬಸ್ ಸ್ಟ್ಯಾಂಡ್ ಹಿಂದಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಅವರು ಮೊದಲು ಪೆಟ್ರೋಲ್ ಬಟ್ಟೆಯಲ್ಲಿ ಇಂಜಿನ್ ಪೂರ್ತಿ ಒರೆಸಿದರು. ಒಂದು ರೌಂಡ್ ಓಡಿಸಿ ತಂದು ಮೇಲಿನಿಂದ ನೋಡುತ್ತಾ ಬಂದರು. ಟ್ಯಾಪೆಟ್ ಕವರಿನ (ಇಂಜಿನ್ ಮೇಲಿನ ಮುಚ್ಚಳ) ಹಿಂದಿನ ಮೂಲೆಯಲ್ಲಿ ಹೊಸ ಆಯಿಲ್ ಜಿನುಗುತ್ತಿತ್ತು, ಅಲ್ಲಿಂದ ಒಂದು ಸಣ್ಣ ಗೆರೆ ನೇರ ಗೇರ್‌ಬಾಕ್ಸ್ ಜಾಯಿಂಟಿಗೆ ಇಳಿದಿತ್ತು. "ಆಯಿಲ್ ಬೀಳೋ ಜಾಗ ಒಂದು, ಹೊರಡೋ ಜಾಗ ಇನ್ನೊಂದು ಕಣಪ್ಪಾ" ಅಂದರು. ಆ ಕವರಿನ ಕೆಳಗಿನ ರಬ್ಬರ್ ಪ್ಯಾಕಿಂಗ್ ಗಟ್ಟಿಯಾಗಿ ಪ್ಲಾಸ್ಟಿಕ್ ಥರ ಆಗಿತ್ತು, ಕೈಯಲ್ಲಿ ಬಗ್ಗಿಸಿದರೆ ಮುರಿಯಿತು. ಹೊಸ ಪ್ಯಾಕಿಂಗ್, ಕೂಲಿ ಸೇರಿ 900 ರೂಪಾಯಿ. ಇಂಜಿನ್ ಒಳಗೆ ತುಂಬುವ ಗ್ಯಾಸಿಗೆ ದಾರಿ ಬಿಡುವ ಪಿಸಿವಿ ವಾಲ್ವ್ ಕೂಡ ಬಿಚ್ಚಿ ತೊಳೆದರು, ಅದು ಕಟ್ಟಿಕೊಂಡರೆ ಒಳಗೆ ಪ್ರೆಶರ್ ಏರಿ ಹೊಸ ಪ್ಯಾಕಿಂಗ್‌ನಲ್ಲೂ ಲೀಕ್ ಆಗಬಹುದಂತೆ.

ಆಮೇಲೆ ಗಾಡಿ ಎತ್ತಿಸಿ ಗೇರ್‌ಬಾಕ್ಸ್ ಬೋಲ್ಟ್‌ಗಳನ್ನು ತೋರಿಸಿದರು. ನನ್ನ ಹೊಟ್ಟೆ ಉರಿದಿದ್ದು ಅಲ್ಲೇ. ಬೋಲ್ಟ್ ತಲೆಯ ಸುತ್ತ ಜಿಡ್ಡು ಮಣ್ಣು ಹೆಪ್ಪುಗಟ್ಟಿ ಕೂತಿತ್ತು, ಸ್ಪಾನರ್ ಬಿದ್ದ ಒಂದು ಗುರುತೂ ಇಲ್ಲ. ಒಂದಕ್ಕೂ ಇಲ್ಲ. ಅಂದರೆ ಗೇರ್‌ಬಾಕ್ಸ್ ಇಳಿಸಿಯೇ ಇಲ್ಲ! ಅಲ್ಲಿ ನಿಂತಿದ್ದ ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು, ಎಲ್ಲಿಗಾದರೂ ಓಡಿ ಹೋಗೋಣ ಅನ್ನಿಸಿತು.

ಫೋಟೋ ತೆಗೆದುಕೊಂಡು ಮೊದಲಿನ ಗ್ಯಾರೇಜಿಗೆ ಹೋಗಿ ಕೇಳಿದರೆ ಮೊದಲು "ಕೆಲಸ ಮಾಡಿದ ಹುಡುಗ ಬಿಟ್ಟು ಹೋದ ಸಾರ್". ಆಮೇಲೆ "ಹಳೇ ಗಾಡಿ, ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬರುತ್ತೆ". ಕೊನೆಗೆ ಬಿಲ್ ಕೈಗೆ ತಗೊಂಡು "ಸೀಲ್ ಅಂತ ಬರೆದಿದೆ, ಯಾವ ಸೀಲ್ ಅಂತ ಎಲ್ಲಿದೆ ಹೇಳಿ?" ಅಂತ ನನ್ನನ್ನೇ ಕೇಳಿದ. ಈ ಮಾತಿಗೆ ಏನು ಹೇಳೋದು ನೀವೇ ಹೇಳಿ.

ಇಂಜಿನ್ ಒರೆಸದೆ, ಓಡಿಸಿ ನೋಡದೆ ಲೀಕ್ ಎಲ್ಲಿ ಅಂತ ಹೇಳುವವನನ್ನು ನಂಬಬೇಡಿ. ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್, ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರ್ ಇವನ್ನೆಲ್ಲ ನೋಡಿದ ಮೇಲೆ ಗೇರ್‌ಬಾಕ್ಸ್ ಮಾತು. ಇಳಿಸಿದಾಗ ಎದುರಿಗೇ ನಿಲ್ಲಿ, ಇಲ್ಲಾಂದ್ರೆ ವಿಡಿಯೋ ಕಳಿಸು ಅನ್ನಿ. ಬಿಲ್ಲಿನಲ್ಲಿ ಪಾರ್ಟಿನ ಪೂರ್ತಿ ಹೆಸರು ಬರೆಸಿ. ನಾನಂತೂ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿನ್ನೆ ಆ ಗ್ಯಾರೇಜಿನವನೇ ಫೋನ್ ಮಾಡಿ, ದೂರು ವಾಪಸ್ ತಗೊಂಡ್ರೆ ಮುಂದಿನ ಸರ್ವಿಸ್‌ಗೆ ಡಿಸ್ಕೌಂಟ್ ಕೊಡ್ತೀನಿ ಅಂತಾನೆ!